ಸಸಿಯೊಳಗಿನ ಕಾವಲುಗಾರ

ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತು ನೋಡಿ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ಮುಂದೆ ಸಾಗಿದಂತೆ ಹತ್ತಿ, ತೊಗರಿ, ಸಜ್ಜೆಯ ಹೊಲಗಳು. ಈ ಸಸಿಗಳಿಗೆ ಮಿದುಳಿಲ್ಲ, ನರಗಳಿಲ್ಲ. ಆದರೂ ಯಾವಾಗ ಎತ್ತರ ಬೆಳೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಅವುಗಳಿಗೆ ತಿಳಿಯುತ್ತದೆ. ಹೇಗೆಂದು ಎಂದಾದರೂ ಯೋಚಿಸಿದ್ದೀರಾ?

ಸಸ್ಯಗಳಲ್ಲೂ ಹಾರ್ಮೋನುಗಳಿವೆ ಎಂದು ನೀವು ಶಾಲೆಯಲ್ಲಿ ಓದಿರಬಹುದು. ಹಾರ್ಮೋನು ಬಂದು ‘ಬೆಳೆ’ ಎಂದು ಅಪ್ಪಣೆ ಕೊಡುತ್ತದೆ ಎಂದೇ ನಮ್ಮ ಕಲ್ಪನೆ. ನಿಜಸಂಗತಿ ಬೇರೆ. ಕಟ್ಟಿಹಾಕಿದ ಕರುವಿನ ಹಗ್ಗ ಬಿಚ್ಚಿದರೆ ಸಾಕು, ಓಡು ಎಂದು ಯಾರೂ ಹೇಳಬೇಕಾಗಿಲ್ಲ. ಸಸಿಯ ಕತೆಯೂ ಹಾಗೆಯೇ. ಅದರ ಜೀವಕೋಶದೊಳಗೆ ಡೆಲ್ಲಾ ಎಂಬ ಪ್ರೋಟೀನು ಬೆಳವಣಿಗೆಯನ್ನು ತಡೆದು ಕಾವಲು ನಿಂತಿರುತ್ತದೆ. ಜಿಬ್ಬರಲಿನ್ ಎಂಬ ಹಾರ್ಮೋನು ಬಂದೊಡನೆ ಆ ಕಾವಲುಗಾರನ ಮೈಗೆ ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿಗಳು ಅಂಟಿಕೊಳ್ಳುತ್ತವೆ. ಚೀಟಿ ಅಂಟಿದ ಪ್ರೋಟೀನನ್ನು ಪ್ರೋಟಿಯಸೋಮ್ ಎಂಬ ಯಂತ್ರದಂತಹ ರಚನೆ ಒಳಗೆಳೆದುಕೊಂಡು ತುಂಡರಿಸುತ್ತದೆ. ಹೆಸರುಗಳು ಕಠಿಣ, ಕೆಲಸ ಸರಳ. ತುಂಡುಗಳೂ ವ್ಯರ್ಥವಾಗುವುದಿಲ್ಲ, ಹಳೆಯ ಸೀರೆಗಳನ್ನು ಕತ್ತರಿಸಿ ನಮ್ಮ ಅಜ್ಜಿಯರು ಕೌದಿ ಹೊಲಿದಂತೆ, ಸಸಿ ಅವುಗಳಿಂದ ಹೊಸ ಪ್ರೋಟೀನು ಕಟ್ಟಿಕೊಳ್ಳುತ್ತದೆ. ಈ ಚೀಟಿಯ ವ್ಯವಸ್ಥೆ ನಮ್ಮ ನಿಮ್ಮ ದೇಹದಲ್ಲೂ ಇದೆ. ಅದನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಕಾವಲು ಪೂರ್ತಿ ಇಲ್ಲವಾದರೆ ಏನಾದೀತು? ಭತ್ತಕ್ಕೆ ಬರುವ ಒಂದು ರೋಗಕ್ಕೆ ಜಪಾನೀಯರು ‘ಮೂರ್ಖ ಸಸಿ’ ಎಂದೇ ಹೆಸರಿಟ್ಟಿದ್ದಾರೆ. ಸಸಿ ಬಿಳಿಚಿಕೊಂಡು ಸರಸರನೆ ಉದ್ದ ಬೆಳೆದು, ಕೊನೆಗೆ ಬಿದ್ದುಹೋಗುತ್ತದೆ. ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು 1926ರಲ್ಲಿ ತೈವಾನಿನಲ್ಲಿದ್ದ ಕುರೊಸಾವ ಎಂಬ ವಿಜ್ಞಾನಿ ತೋರಿಸಿದರು. ಆ ವಸ್ತುವೇ ಜಿಬ್ಬರಲಿನ್. ಇದಕ್ಕೆ ತದ್ವಿರುದ್ಧವಾದುದು 1966ರಲ್ಲಿ ಬಂದ ಐಆರ್-8 ಎಂಬ ಗಿಡ್ಡ ಭತ್ತ. ಅದರಲ್ಲಿ ಜಿಬ್ಬರಲಿನ್ ಕಡಿಮೆ, ಆದ್ದರಿಂದ ಕಾವಲುಗಾರರು ಹೆಚ್ಚು. ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ, ಗೊಬ್ಬರ ಹಾಕಿ ತೆನೆ ಭಾರವಾದರೂ ಸಸಿ ನೆಲಕ್ಕೆ ಒರಗುವುದಿಲ್ಲ. ಅಕ್ಕಿ ಅಂಗಡಿಯಲ್ಲಿ ಹೆಸರು ಕೇಳುವ ಬಿಪಿಟಿ 5204ರ ಪೂರ್ವಜರಲ್ಲೂ ಇಂಥದೇ ಒಂದು ಗಿಡ್ಡ ತಳಿಯಿದೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಕಾಳಿನೊಳಗೆ ಅಲ್ಲಾಹನು ಇಟ್ಟಿರುವ ಈ ಅಳತೆಯನ್ನು ಕಂಡಾಗ ‘ಮೀಝಾನ್’ ಎಂಬ ಶಬ್ದ ನೆನಪಾಗದೆ ಇರದು.

ಭತ್ತದ ಸಸಿ ಜಿಬ್ಬರಲಿನ್ನನ್ನು ಗುರುತಿಸುವುದು ಹೇಗೆಂಬುದನ್ನು 2005ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಮಿಯಾಕೊ ಉಎಗುಚಿ-ತನಾಕಾ ಮತ್ತು ಸಂಗಡಿಗರು ಬಿಡಿಸಿಟ್ಟರು. ಅದೇ ವರ್ಷ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನಿನ ಗುಟ್ಟು ಹೊರಬಂತು. ಅದನ್ನು ಬಿಡಿಸಿದ ಎರಡು ತಂಡಗಳಲ್ಲಿ ಒಂದರ ನಾಯಕಿ ಇಂಗ್ಲೆಂಡಿನ ಒಟ್ಟೊಲಿನ್ ಲೈಸರ್. ಎರಡು ಕಡೆಯೂ ಮಹಿಳೆಯರಿದ್ದರೆಂಬುದನ್ನು ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ. ಅಂಗಳದ ಮಲ್ಲಿಗೆ ಬಳ್ಳಿಯ ಕುಡಿ ಚಿವುಟಿದರೆ ಪಕ್ಕದಲ್ಲಿ ಚಿಗುರುವುದು ಏಕೆ ಗೊತ್ತೇ? ತುದಿಯಿಂದ ಇಳಿಯುತ್ತಿದ್ದ ಆಕ್ಸಿನ್ ನಿಂತುಹೋಗುವುದರಿಂದ. ಆಕ್ಸಿನ್ ಕೂಡ ಕೋಶದೊಳಗಿನ ಕಾವಲು ಪ್ರೋಟೀನಿಗೆ ಚೀಟಿ ಅಂಟಿಸಿಯೇ ತನ್ನ ಕೆಲಸ ಮಾಡಿಸುತ್ತದೆ.

ಇಲ್ಲಿಂದ ಮುಂದಿನದು ಹೊಲವಿರುವ ಮನೆಯವರು ತಪ್ಪದೆ ಓದಬೇಕಾದ ಮಾತು. ಈ ಕಡೆ ನಾಟಿ ಬಿಟ್ಟು ಭತ್ತವನ್ನು ಕೂರಿಗೆಯಲ್ಲಿ ನೇರ ಬಿತ್ತುವವರಿದ್ದಾರೆ. ನೀರು ನಿಲ್ಲಿಸದ ಇಂಥ ಹೊಲದಲ್ಲಿ ಕಳೆ ಜಾಸ್ತಿ, ಕಳೆಗೆ ಹೊಡೆಯುವ ಎಣ್ಣೆಯೂ ಜಾಸ್ತಿ. ಅದರಲ್ಲೊಂದು 2,4-ಡಿ. ಇದು ಆಕ್ಸಿನ್ನಿನ ವೇಷ ಹಾಕಿದ ವಸ್ತು. ನಿಜವಾದ ಆಕ್ಸಿನ್ ಹೆಚ್ಚಾದರೆ ಗಿಡ ಅದನ್ನು ಕಳೆದುಕೊಳ್ಳಬಲ್ಲದು. ಈ ವೇಷಧಾರಿ ಅಷ್ಟು ಬೇಗ ಹೋಗುವುದಿಲ್ಲ. ಅಗಲ ಎಲೆಯ ಕಳೆಯಲ್ಲಿ ಕಾವಲುಗಾರರು ಒಬ್ಬೊಬ್ಬರಾಗಿ ನಾಶವಾಗುತ್ತಲೇ ಇರುತ್ತಾರೆ. ಗಿಡ ತಿರುಚಿಕೊಂಡು, ಅಡ್ಡಾದಿಡ್ಡಿ ಬೆಳೆದು ಸಾಯುತ್ತದೆ. ಹುಲ್ಲಿನ ಜಾತಿಯ ಭತ್ತ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹತ್ತಿ ತಾಳಿಕೊಳ್ಳುವುದಿಲ್ಲ. ಗಾಳಿಗೆ ತೂರಿಬಂದ ಹನಿ ಸಾಕು, ಹತ್ತಿಯ ಎಲೆ ಕಿರಿದಾಗಿ ಬೆಂಡೆ ಎಲೆಯಂತೆ ಸೀಳಿಕೊಳ್ಳುತ್ತದೆ, ಮೊಗ್ಗು ಉದುರುತ್ತದೆ.

ಗಾಳಿಯೂ ಬೇಕಿಲ್ಲ, ಮನೆಯ ಪಂಪೇ ಸಾಕು. ನಿನ್ನೆ ಭತ್ತಕ್ಕೆ 2,4-ಡಿ ಹೊಡೆದ ಪಂಪಿನಲ್ಲಿ ಇಂದು ಹತ್ತಿಗೆ ಹುಳುವಿನ ಎಣ್ಣೆ ಹೊಡೆದರೆ, ಪೈಪಿನಲ್ಲಿ ಉಳಿದ ಅಂಶವೇ ಬೆಳೆಯನ್ನು ಕೆಡಿಸುತ್ತದೆ. ಕಳೆನಾಶಕಕ್ಕೆ ಬೇರೆಯೇ ಪಂಪು ಇಡಿಸಿ, ಬಣ್ಣದ ಗುರುತು ಹಾಕಿಸಿ. ಖಾಲಿ ಡಬ್ಬಿಯನ್ನು ಚೆನ್ನಾಗಿದೆಯೆಂದು ನೀರಿಗೋ ಧಾನ್ಯಕ್ಕೋ ಎತ್ತಿಡಬೇಡಿ. ಈ ವಸ್ತು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿದೆ.

ಎಲೆ ಮುದುಡಿದ ಹತ್ತಿಯನ್ನು ಕಂಡು ರೋಗವೆಂದು ಭಾವಿಸಿ ಮತ್ತಷ್ಟು ಔಷಧಿಗೆ ಸಾಲ ಮಾಡುವವರುಂಟು. ಆ ಔಷಧಿಯಿಂದ ಪ್ರಯೋಜನವಿಲ್ಲ. ತಗಲಿದ್ದು ಅಲ್ಪವಾಗಿದ್ದರೆ ಕೆಲವು ವಾರಗಳಲ್ಲಿ ಗಿಡ ತಾನೇ ಹೊಸ ಕಾವಲುಗಾರರನ್ನು ಕಟ್ಟಿಕೊಳ್ಳುತ್ತದೆ, ಮೇಲಿನ ಎಲೆಗಳು ಮತ್ತೆ ಅಗಲವಾಗಿ ಬರುತ್ತವೆ. ಅಲ್ಲಿಯವರೆಗೆ ಕಿತ್ತುಹಾಕುವ ಅವಸರ ಬೇಡ.