ತೋಟದ ರೋಬೋಟು ಗಾಡಿ: ಪಟ್ಟಿಯ ಆಯ್ಕೆ ಮತ್ತು ಪಾಲನೆ

ಗೊನೆ, ಗೊಬ್ಬರ ಹೊರಲು ಆಳು ಸಿಗದ ಕಷ್ಟ ಸದಸ್ಯ ಬಾಂಧವರಿಗೆಲ್ಲ ತಿಳಿದದ್ದೇ. ಇದಕ್ಕೆಂದು ಕೆಲವರು ಊರ ವೆಲ್ಡಿಂಗ್ ಶಾಪಿನಲ್ಲಿ ಬ್ಯಾಟರಿ, ಎರಡು ಮೋಟಾರು, ರಿಮೋಟು ಅಳವಡಿಸಿ, ಪಟ್ಟಿಯ ಮೇಲೆ ಓಡುವ ರೋಬೋಟು ಗಾಡಿಗಳನ್ನು ಕಟ್ಟಿಸುತ್ತಿದ್ದಾರೆ. ನಾನೂ ಕಟ್ಟಿಸಿದೆ. ಮೋಟಾರಿನ ಬಗ್ಗೆ ಹತ್ತು ಜನರನ್ನು ಕೇಳಿದೆ. ಪಟ್ಟಿಯ ಬಗ್ಗೆ ಯಾರನ್ನೂ ಕೇಳಲಿಲ್ಲ. ಕಳೆದ ಮಳೆಗಾಲದಲ್ಲಿ ಗೊಬ್ಬರ ಹೊತ್ತು ಇಳಿಜಾರಿನಲ್ಲಿ ತಿರುಗುವಾಗ ಸಡಿಲವಾಗಿದ್ದ ಎಡಪಟ್ಟಿ ಕಳಚಿತು. ಪಟ್ಟಿ ಕಳಚಿದ ಕಡೆ ಮೋಟಾರಿನ ಹಿಡಿತವೂ ಇಲ್ಲ. ಗಾಡಿ ಜಾರಿ ಬಸಿಗಾಲುವೆಗೆ ಬಿತ್ತು. ಕೆಳಗೆ ನಿಂತಿದ್ದ ಆಳು ಬದಿಗೆ ಹಾರಿದ್ದರಿಂದ ಉಳಿದ.

ಪಟ್ಟಿಯ ಯಂತ್ರ ಯುದ್ಧದ ಟ್ಯಾಂಕಿಗಿಂತ ಮೊದಲೇ ಹೊಲಕ್ಕೆ ಇಳಿದದ್ದು. 1904ರಲ್ಲಿ ಕ್ಯಾಲಿಫೋರ್ನಿಯದ ಬೆಂಜಮಿನ್ ಹೋಲ್ಟ್, ಮೆತ್ತನೆಯ ನೆಲದಲ್ಲಿ ಹೂತುಹೋಗುತ್ತಿದ್ದ ಉಗಿ ಟ್ರ್ಯಾಕ್ಟರಿನ ಹಿಂಚಕ್ರ ತೆಗೆದು ಪಟ್ಟಿ ತೊಡಿಸಿ ಪರೀಕ್ಷಿಸಿದ. ಭಾರ ಹರಡುವುದೇ ಇದರ ಗುಟ್ಟು. ನನ್ನ ಗಾಡಿ ಹೊರೆಸಮೇತ 300 ಕಿಲೋ. ಪಟ್ಟಿಯ ಅಗಲ 18 ಸೆಂ.ಮೀ., ನೆಲಕ್ಕೆ ತಾಗುವ ಉದ್ದ 80 ಸೆಂ.ಮೀ. ಎರಡೂ ಸೇರಿ 2,880 ಚದರ ಸೆಂ.ಮೀ.; ಅಂದರೆ ಚದರ ಸೆಂ.ಮೀ.ಗೆ ಸುಮಾರು 100 ಗ್ರಾಂ. ನಡೆಯುವ ಮನುಷ್ಯನ ಪಾದ ಇದಕ್ಕಿಂತ ಹೆಚ್ಚು ಒತ್ತುತ್ತದೆ. ಅಡಿಕೆಯ ಬೇರು ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಇದು ಸಣ್ಣ ಲಾಭವಲ್ಲ.

ಆಯ್ಕೆ: ಸೈಕಲ್ಲು, ಬೈಕಿನ ಚೈನಿಗೆ ಪಟ್ಟಿತುಂಡು ಬೋಲ್ಟು ಮಾಡಿದ್ದು ಅಗ್ಗ, ಆದರೆ ಕೆಸರು ಹೊಕ್ಕು ಪಿನ್ನು ಸವೆದು ಚೈನು ಉದ್ದವಾಗುತ್ತದೆ. ಹಳೆಯ ಕನ್ವೇಯರ್ ಬೆಲ್ಟು ನುಣುಪು ಉರುಳೆಯ ಮೇಲೆ ಒದ್ದೆಯಾದರೆ ಜಾರುತ್ತದೆ. ನಮ್ಮ ಮಳೆಗೆ ಒಳಗೆ ಉಕ್ಕಿನ ತಂತಿಯಿರುವ ಸಿದ್ಧ ರಬ್ಬರ್ ಪಟ್ಟಿಯೇ ಲೇಸು. ಅದರ ಮೇಲೆ 180×72×37 ಎಂಬಂತೆ ಬರೆದಿರುತ್ತದೆ: ಅಗಲ, ಹಲ್ಲುಗಳ ಅಂತರ ಮಿ.ಮೀ.ನಲ್ಲಿ, ಕೊನೆಯದು ಕೊಂಡಿಗಳ ಸಂಖ್ಯೆ. ಕೊನೆಯ ಎರಡನ್ನು ಗುಣಿಸಿದರೆ ಸುತ್ತಳತೆ, ಇಲ್ಲಿ 2,664 ಮಿ.ಮೀ. ಮೊದಲು ಪಟ್ಟಿ ಕೊಳ್ಳಿರಿ, ಆಮೇಲೆ ಅದರ ಅಳತೆಗೆ ಚೌಕಟ್ಟು ಮಾಡಿಸಿರಿ. ನಾನು ತಲೆಕೆಳಗು ಮಾಡಿದೆ. ಬಿಗಿ ಮಾಡಲು ಜಾಗವೇ ಉಳಿಯಲಿಲ್ಲ. ನೆಲಕ್ಕೆ ತಾಗುವ ಉದ್ದ, ಎರಡು ಪಟ್ಟಿಗಳ ನಡುಗೆರೆಗಳ ಅಂತರದ ಒಂದೂವರೆ ಪಟ್ಟು ಮೀರದಿರಲಿ. ಮೀರಿದರೆ ತಿರುಗಿಸುವುದು ಕಷ್ಟ.

ಪಾಲನೆ: ವಾರಕ್ಕೊಮ್ಮೆ ಗಾಡಿ ಎತ್ತಿ ನಿಲ್ಲಿಸಿ, ಪಟ್ಟಿಯ ನಡುಭಾಗವನ್ನು ಕೈಯಿಂದ ಒತ್ತಿ ನೋಡಿರಿ. ನನ್ನ ಗಾಡಿಯಲ್ಲಿ ಈಗ 10–15 ಮಿ.ಮೀ. ಬಾಗುವಂತೆ ಇಟ್ಟಿದ್ದೇನೆ. ಸಡಿಲವಾದರೆ ಕಳಚುತ್ತದೆ; ಅತಿ ಬಿಗಿಯಾದರೆ ಬೇರಿಂಗು ಸವೆದು ಬ್ಯಾಟರಿ ಬೇಗ ಇಳಿಯುತ್ತದೆ. ಕೆಲಸ ಮುಗಿದೊಡನೆ ಕೆಸರು, ಕಲ್ಲು, ಹಾಳೆಚೂರು ತೆಗೆದು ತೊಳೆಯಿರಿ. ರಬ್ಬರು ಸೀಳಿದ್ದರೆ ಅಲಕ್ಷಿಸಬೇಡಿರಿ. ನೀರು ಹೊಕ್ಕು ಒಳತಂತಿ ತುಕ್ಕು ಹಿಡಿಯುತ್ತದೆ. ಎಣ್ಣೆ, ಡೀಸೆಲು ತಾಗಿಸದೆ ನೆರಳಿನಲ್ಲಿಡಿರಿ. ಹಲ್ಲುಚಕ್ರದ ಹಲ್ಲು ಕೊಕ್ಕೆಯಂತೆ ಸವೆದಿದ್ದರೆ ಅದನ್ನೂ ಬದಲಿಸಿರಿ. ಇಲ್ಲವಾದರೆ ಹೊಸ ಪಟ್ಟಿಯನ್ನು ಅದೇ ತಿನ್ನುತ್ತದೆ.

ನಿಂತಲ್ಲೇ ಗಿರ್ರನೆ ತಿರುಗಿಸಬೇಡಿರಿ. ಪಟ್ಟಿಯೂ ಹರಿಯುತ್ತದೆ, ಬೇರೂ ಹರಿಯುತ್ತದೆ. ಇಳಿಜಾರಿನಲ್ಲಿ ನೇರವಾಗಿ ಇಳಿಸಿ, ಸಮತಟ್ಟಿನಲ್ಲಿ ತಿರುಗಿಸಿರಿ. ಎಲ್ಲಕ್ಕಿಂತ ಮುಖ್ಯ, ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಕೂಡದು. ಪಟ್ಟಿ ಹೋದರೆ ಬೇರೆ ತರಬಹುದು.

ಗಾಡಿ ಕಟ್ಟಿಸಿರುವ ಸದಸ್ಯರು ತಮ್ಮ ಅನುಭವವನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ