ಮೈ ಹಿಡಿಯದ ಕರು

ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಹಿತ್ತಲಲ್ಲಿ ಕಣಕಿಯ ಬಣವಿ ಏಳುತ್ತದೆ. ದನಗಳಿಗೆ ವರ್ಷವಿಡೀ ಅದೇ ಆಧಾರ. ಆದರೂ ಅದೇ ಮನೆಯ ಗೋದಲಿಯಲ್ಲಿ ಒಂದು ಕರು ಸೊರಗಿ ನಿಂತಿರುತ್ತದೆ. ಬೆನ್ನೆಲುಬು ಎಣಿಸುವಂತೆ ಕಾಣುತ್ತದೆ, ಕೂದಲು ಒರಟು, ಹೊಟ್ಟೆ ಮಾತ್ರ ಡೊಳ್ಳು. "ಎಷ್ಟ ಮೇವು ಹಾಕಿದ್ರೂ ಮೈ ಹಿಡೀವಲ್ದು ನೋಡ್ರಿ" ಎನ್ನುತ್ತಾರೆ ಮನೆಯವರು. ಜಂತುಹುಳ ಇದ್ದರೆ ಔಷಧಿ ಹಾಕಿಸಬೇಕು. ಔಷಧಿಗೂ ಬಗ್ಗದಿದ್ದರೆ ಮೇವಿನತ್ತ ನೋಡಬೇಕು.

ಆರು ತಿಂಗಳ ಕರುವಿನ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದಿನ ಕುಳಿಗೆ ಮುಷ್ಟಿ ಒತ್ತಿ ಸುಮ್ಮನೆ ನಿಲ್ಲಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಏನೋ ಉರುಳಿ ಬಂದು ಮುಷ್ಟಿಯನ್ನು ತಳ್ಳುತ್ತದೆ. ಅದು ಮೊದಲ ಹೊಟ್ಟೆ, ರೂಮೆನ್. ಕಣಕಿಯ ನಾರನ್ನು ಕರಗಿಸುವುದು ಕರುವಲ್ಲ, ಈ ಚೀಲದಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ಬದುಕಿ ಬೆಳೆಯಲು ಮೇವಿನಲ್ಲಿ ಶೇ 7ರಷ್ಟಾದರೂ ಪ್ರೋಟೀನ್ ಬೇಕು. ಜೋಳದ ಕಣಕಿಯಲ್ಲಿರುವುದು 3-4. ಹಸಿದ ಜೀವಿಗಳು ಕೆಲಸ ನಿಧಾನ ಮಾಡುತ್ತವೆ, ಕರಗದ ನಾರು ಚೀಲದಲ್ಲೇ ಕೂರುತ್ತದೆ, ಮತ್ತೆ ತಿನ್ನಲು ಜಾಗವಿಲ್ಲ. ಕರು ಹೊಟ್ಟೆ ತುಂಬಿಸಿಕೊಂಡೇ ಉಪವಾಸ ಇರುತ್ತದೆ.

ಹುಟ್ಟಿದಾಗ ಈ ಚೀಲ ಹೆಸರಿಗಷ್ಟೇ ಇರುತ್ತದೆ. ಆಗ ದೊಡ್ಡದು ನಾಲ್ಕನೆಯ ಹೊಟ್ಟೆ. ಕುಡಿದ ಹಾಲು ಒಂದು ಕಾಲುವೆ ಹಿಡಿದು ನೇರ ಅಲ್ಲಿಗೆ ಹೋಗುತ್ತದೆ. ಎರಡನೇ ವಾರದಿಂದ ಒಂದು ಹಿಡಿ ನುಚ್ಚು, ಎಳೆ ಮೇವು ಮುಂದಿಟ್ಟರೆ, ಅದು ಹುಳಿತು ಹುಟ್ಟುವ ಆಮ್ಲಗಳೇ ರೂಮೆನ್ನಿನ ಗೋಡೆಯನ್ನು ಬೆಳೆಸುತ್ತವೆ.

ಬೈಲಹೊಂಗಲ ಹತ್ತಿಯ ಊರು. ಅಲ್ಲಿ ಹಿಂಡಿ ಎಂದರೆ ಹತ್ತಿಕಾಳಿನ ಹಿಂಡಿ. ಹಿಂಡುವ ಎಮ್ಮೆಗೆ ಒಳ್ಳೆಯದು, ಎಳೆಗರುವಿಗೆ ವಿಷ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಬೆಳೆದ ದನದ ರೂಮೆನ್ನಿನಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ನಿರುಪದ್ರವಿಯಾಗುತ್ತದೆ. ರೂಮೆನ್ ಇನ್ನೂ ತಯಾರಾಗದ ಕರುವಿನಲ್ಲಿ ರಕ್ತಕ್ಕೆ ಸೇರಿ ಹೃದಯವನ್ನು ಕೆಡಿಸುತ್ತದೆ. ನಿನ್ನೆ ಆಡುತ್ತಿದ್ದ ಕರು ಮೇಲುಸಿರು ಬಿಟ್ಟು ಬಿದ್ದುಬಿಡಬಹುದು. ಕನಿಷ್ಠ ನಾಲ್ಕು ತಿಂಗಳು ಅದರ ಬಾಯಿಗೆ ಹತ್ತಿ ಹಿಂಡಿ ಬೇಡವೇ ಬೇಡ.

ಹಾಗಾದರೆ ಏನು ಹಾಕುವುದು? ನೂರು ಕಿಲೋ ತೂಗುವ ಕರುವಿಗೆ ದಿನಕ್ಕೆ ಸುಮಾರು 350 ಗ್ರಾಂ ಪ್ರೋಟೀನ್ ಬೇಕೆನ್ನಿ. ಮೂರು ಕಿಲೋ ಕಣಕಿ ತಿಂದರೂ ಸಿಗುವುದು ನೂರರ ಆಸುಪಾಸು. ಕಣಕಿಯನ್ನು ಒಂದು ಕಿಲೋಗೆ ಇಳಿಸಿ, ಕತ್ತರಿಸಿ, ಒಂದೂಕಾಲು ಕಿಲೋ ಶೇಂಗಾ ಹೊಟ್ಟು (ಒಣಗಿದ ಬಳ್ಳಿ), ಅರ್ಧ ಕಿಲೋ ಶೇಂಗಾ ಹಿಂಡಿ ಬೆರೆಸಿದರೆ ಲೆಕ್ಕ ಕೂಡುತ್ತದೆ. ಜೊತೆಗೆ ಖನಿಜ ಮಿಶ್ರಣ, ಉಪ್ಪು ಇರಲಿ. ಹಿಂಡಿಗೆ ಬೂಷ್ಟು ಬಂದಿದ್ದರೆ ತಿಪ್ಪೆಗೆ ಎಸೆಯಿರಿ; ಆ ಶಿಲೀಂಧ್ರದ ಅಫ್ಲಾಟಾಕ್ಸಿನ್ ಕರುವಿನ ಯಕೃತ್ತನ್ನು ತಿನ್ನುತ್ತದೆ.

ಅಜೋಲಾದ ಮಾತು ಈಗ ಎಲ್ಲೆಡೆ ಕೇಳುತ್ತದೆ. ಒಣಗಿಸಿದಾಗ ಅದರಲ್ಲಿ ಕಾಲು ಭಾಗ ಪ್ರೋಟೀನ್ ಇರುವುದು ನಿಜ. ಆದರೆ ಹಸಿ ಅಜೋಲಾದಲ್ಲಿ ಶೇ 90ಕ್ಕೂ ಹೆಚ್ಚು ನೀರು. ಎರಡು ಕಿಲೋ ಹಾಕಿದರೆ ಸಿಗುವ ಪ್ರೋಟೀನ್ 30 ಗ್ರಾಂ ಸುಮಾರು, ಅಂದರೆ ಒಂದು ಹಿಡಿ ಶೇಂಗಾ ಹಿಂಡಿಯಷ್ಟು. ತೊಟ್ಟಿ ಇರಲಿ, ಅದನ್ನೇ ನಂಬಿ ಹಿಂಡಿ ನಿಲ್ಲಿಸಬಾರದು. ಯೂರಿಯಾ ಬೆರೆಸಿ ಹದ ಮಾಡಿದ ಒಣಮೇವು ಆರು ತಿಂಗಳು ದಾಟಿದ ಮೇಲೆ ಮಾತ್ರ, ಅದೂ ಪಶುವೈದ್ಯರನ್ನು ಕೇಳಿಯೇ.

ನಮ್ಮ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯಾಗಿ ನೋಂದಣಿಯಾಯಿತು. ಸಂತೋಷದ ಸಂಗತಿ. ಆದರೆ ಮೊದಲ ವರ್ಷ ಸೊರಗಿದ ಮಣಕ ಬೆದೆಗೆ ಬರುವುದೂ ತಡ, ಗಬ್ಬ ಕಟ್ಟುವುದೂ ತಡ. ತಳಿ ಎಷ್ಟೇ ಒಳ್ಳೆಯದಿದ್ದರೂ ಆ ಕಳೆದ ತಿಂಗಳುಗಳು ತಿರುಗಿ ಬರುವುದಿಲ್ಲ.

ಇನ್ನೊಂದು ಸಂಗತಿ, ಮೇಲೆ ಹೇಳಿದ ಶೇಂಗಾ ಹೊಟ್ಟಿನದು. ಶೇಂಗಾ ಕಿತ್ತ ಮೇಲೆ ಬಳ್ಳಿಯನ್ನು ಹೊಲದಲ್ಲೇ ಬಹಳ ದಿನ ಬಿಟ್ಟರೆ ಮಳೆಗೆ ನೆನೆದು ಕಪ್ಪಾಗುತ್ತದೆ, ಇಲ್ಲವೇ ಬಿಸಿಲಿಗೆ ಎಲೆ ಉದುರಿ ಕಡ್ಡಿ ಉಳಿಯುತ್ತದೆ. ಪ್ರೋಟೀನ್ ಹೆಚ್ಚಿರುವುದು ಎಲೆಯಲ್ಲೇ. ಅದಕ್ಕೆ ಒಣಗಿದ ಬಳ್ಳಿಯನ್ನು ನಡುಮಧ್ಯಾಹ್ನ ಹೇರಬೇಡಿ, ನಸುಕಿನಲ್ಲಿ ಎಲೆ ತುಸು ಮೆತ್ತಗಿರುವಾಗಲೇ ಕಟ್ಟಿ ತನ್ನಿ. ಮನೆ ಮುಟ್ಟಿದ ಮೇಲೆ ಬಿಚ್ಚಿ, ನೆರಳಿನಲ್ಲಿ ಗಾಳಿಯಾಡಿಸಿ ಬಣವಿ ಒಟ್ಟಿ.