ಬಣ್ಣ ಹಚ್ಚಿದ ಕೂದಲು ಸಹಜ ವರ್ಣಕ್ಕೆ ಮರಳುವ ಬಗೆ

ನಂಜನಗೂಡಿನ ದೊಡ್ಡ ಜಾತ್ರೆ, ಮದುವೆ ಮೊದಲಾದ ಸಂದರ್ಭಗಳಲ್ಲಿ ಹದಿನಾರು ಮತ್ತು ಸುತ್ತಲಿನ ಗ್ರಾಮಗಳಲ್ಲಿಯೂ ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವುದುಂಟು. ಬಳಿಕ ತುರಿಕೆಯುಂಟಾಗಿಯೋ, ಬಣ್ಣವು ಒಪ್ಪದೆಯೋ ಪಶ್ಚಾತ್ತಾಪಪಡುವವರು ಧೈರ್ಯಗೆಡಬೇಕಾಗಿಲ್ಲ.

ಕೂದಲಿಗೆ ವರ್ಣವನ್ನು ಕೊಡುವುದು ಅದರ ಬುಡದಲ್ಲಿ ಉತ್ಪತ್ತಿಯಾಗುವ ಮೆಲನಿನ್ ಎಂಬ ವಸ್ತು. ಹಚ್ಚಿದ ಬಣ್ಣವು ಹೊರಗಿರುವ ನಿರ್ಜೀವ ಎಳೆಯನ್ನು ಮಾತ್ರ ಬದಲಿಸುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಯುಗಾದಿಗೆ ಬಣ್ಣವನ್ನು ನಿಲ್ಲಿಸಿದವರಿಗೆ ದೀಪಾವಳಿಯ ವೇಳೆಗೆ ಸುಮಾರು 7 ಸೆಂಟಿಮೀಟರ್ ಸಹಜ ಕೂದಲು ಬಂದಿರುತ್ತದೆ. ಪುರುಷರ ಹಳೆಯ ಬಣ್ಣವು ಅಷ್ಟರೊಳಗೆ ಕ್ಷೌರದಲ್ಲಿಯೇ ಹೋಗುತ್ತದೆ. ನೀಳವಾದ ಜಡೆಯುಳ್ಳ ಸ್ತ್ರೀಯರು ಕೆಲವು ವರ್ಷಗಳ ಕಾಲ ತಾಳ್ಮೆಯಿಂದಿದ್ದು, ಆಗಾಗ ತುದಿಯನ್ನು ಕತ್ತರಿಸುತ್ತಿರಬೇಕು. ನೆರೆತ ಕೂದಲು ಬಿಳಿಯಾಗಿಯೇ ಬೆಳೆಯುತ್ತದೆ; ವಯಸ್ಸಿಗೆ ತಕ್ಕ ನರೆಯು ರೋಗವಲ್ಲ.

ಬಣ್ಣವನ್ನು ತೆಗೆಯಲು ಬಟ್ಟೆಸೋಡಾ, ಬ್ಲೀಚಿಂಗ್ ಪುಡಿಗಳನ್ನು ಬಳಸಕೂಡದು. ಅನೇಕ ಕಪ್ಪು ಬಣ್ಣಗಳಲ್ಲಿ ಪ್ಯಾರಾಫಿನಿಲೀನ್ ಡೈಅಮೀನ್ ಎಂಬ ರಾಸಾಯನಿಕವಿದೆ. 'ಕಪ್ಪು ಮೆಹಂದಿ'ಯಲ್ಲಿಯೂ ಇದು ಇರಬಹುದು. ಇದರಿಂದ ಒಮ್ಮೆ ಊತ, ಗುಳ್ಳೆಗಳಾದವರು ಮತ್ತೆಂದೂ ಹಚ್ಚಬಾರದು, ವೈದ್ಯರನ್ನು ಕಾಣಬೇಕು. ಇದು ಹೊಟ್ಟೆಗೆ ಸೇರಿದರೆ ಗಂಟಲು ಬಾತು, ಉಸಿರು ಕಟ್ಟಿ, ಪ್ರಾಣಾಪಾಯವಾಗುತ್ತದೆ. ಆದುದರಿಂದ ಪೊಟ್ಟಣಗಳು ಮಕ್ಕಳ ಕೈಗೆ ಎಂದೂ ಸಿಗಬಾರದು. ಅನಾಹುತವಾದರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಎರಡು ಬಣ್ಣದ ತಲೆಯನ್ನು ಕಂಡು ಊರವರು ನಗಬಹುದು. ಆಗ ಪತಿಗೆ ಪತ್ನಿಯೂ ಪತ್ನಿಗೆ ಪತಿಯೂ ಒತ್ತಾಸೆಯಾಗಿ ನಿಂತರೆ ಕಾಯುವ ದಿನಗಳು ಹಗುರಾಗುತ್ತವೆ.